ತೊಟ್ಟಿಯ ಆಮೆ, ಕಡಲಿನ ಆಮೆ

‘ಭೂತದಯೆ’ ಎಂಬ ಮಾತು ನಮ್ಮ ಪುರಾಣ ಪ್ರವಚನಗಳಲ್ಲಿ ಪದೇ ಪದೇ ಕೇಳಿಬರುವಂಥದು. ಭೂತವೆಂದರೆ ಇಲ್ಲಿ ನಮ್ಮ ಸೀಮೆಯ ಸ್ಥಾನಗಳಲ್ಲಿ ನೇಮ ಕೋಲಗಳನ್ನು ಪಡೆಯುವ ದೈವವಲ್ಲ. ಹುಟ್ಟಿ ಉಸಿರಾಡುವ ಯಾವತ್ತೂ ಜೀವಿಗಳು ಎಂದರ್ಥ. ಮಾತು ಸುಲಭವಾದುದು, ಆಚರಣೆ ಅಷ್ಟು ಸುಲಭವಲ್ಲ. ಪ್ರಾಣಿಗಳ ಮೇಲಿನ ಪ್ರೀತಿಯೆಲ್ಲವೂ ದಯೆಯೇ? ಮನೆಯಲ್ಲಿ ಸಾಕಿದ ಪ್ರಾಣಿಗೆ ತೋರುವ ಮಮತೆಗೂ ಎಂದೂ ಕಾಣದ ಪ್ರಾಣಿಗೆ ಸಲ್ಲಬೇಕಾದ ಕರುಣೆಗೂ ಸಂಬಂಧವೇನು? ಇಂಥ ಪ್ರಶ್ನೆಗಳನ್ನು ಪಂಡಿತರಿಗಿಂತ ಮೊದಲು ಮಕ್ಕಳೇ ಕೇಳುವುದುಂಟು.

ಕಡಲಿಗೆ ಸಮೀಪದ ಊರಿನ ಬಾಲಿಕೆಯೊಬ್ಬಳ ಸಂಗತಿಯನ್ನು ನೋಡಬಹುದು. ಹತ್ತು ಹನ್ನೊಂದರ ವಯಸ್ಸು. ಪ್ರಾಣಿಗಳೆಂದರೆ ಅವಳಿಗೆ ಪ್ರಾಣ. ತಂದೆ ಪೇಟೆಯ ಅಂಗಡಿಯಿಂದ ತಂದುಕೊಟ್ಟ, ನಾಣ್ಯದಷ್ಟೇ ಅಗಲವಾದ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಹಸುರು ಆಮೆಯ ಮರಿಯನ್ನು ಅವಳು ಗಾಜಿನ ತೊಟ್ಟಿಯಲ್ಲಿಟ್ಟು ಸಾಕಿದಳು. ಮೂರು ವರ್ಷಗಳಲ್ಲಿ ಅದು ಅಂಗೈಯನ್ನು ಮೀರಿ ಬೆಳೆದು, ತೊಟ್ಟಿಯೊಳಗೆ ತಿರುಗಲೂ ಎಡೆಯಿಲ್ಲದಂತಾಯಿತು. ಅದೇ ಕಾಲದಲ್ಲಿ ಒಂದು ಮುಂಜಾನೆ ಕಡಲಂಚಿಗೆ ಹೋದಾಗ, ಹರಿದ ಬಲೆಯ ತುಂಡು ಕೊರಳಿಗೆ ಸುತ್ತಿಕೊಂಡು ಸತ್ತುಬಿದ್ದಿದ್ದ ದೊಡ್ಡ ಕಡಲಾಮೆಯೊಂದನ್ನು ಅವಳು ಕಂಡಳು. ಅಂದಿನಿಂದ ಮಗುವಿಗೆ ನೆಮ್ಮದಿಯಿಲ್ಲ. “ಅದು ಬಲೆಯಲ್ಲಿ ಸತ್ತಿತು. ನನ್ನ ತೊಟ್ಟಿಯೂ ಒಂದು ಬಲೆಯೇ ಅಲ್ಲವೇ?” ಎಂದು ಕೇಳತೊಡಗಿದಳು.

ಮನೆಯವರು ಒಂದು ಉಪಾಯವನ್ನು ಕಂಡುಕೊಂಡರು. ದೇವಸ್ಥಾನದ ಜೀರ್ಣೋದ್ಧಾರ ನಡೆದು ಕೆರೆಯ ಹೂಳನ್ನು ತೆಗೆಸಿಯಾಗಿದೆ. ಬ್ರಹ್ಮಕಲಶದ ಶುಭದಿನ ಆಮೆಯನ್ನು ದೇವರ ಕೆರೆಗೇ ಬಿಟ್ಟರಾಯಿತು. ಕೂರ್ಮವು ಮಹಾವಿಷ್ಣುವಿನ ಅವತಾರ, ಇದಕ್ಕಿಂತ ಪುಣ್ಯವೇನಿದೆ? ಎಲ್ಲರೂ ಒಪ್ಪಿದರು. ಮಗು ಮಾತ್ರ ಮತ್ತೂ ಒಂದು ಮಾತು ಕೇಳಿತು: “ಕೆರೆಯಲ್ಲಿ ಈಗಾಗಲೇ ಇರುವವುಗಳ ಗತಿಯೇನು?”

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದರೆ ಪುಣ್ಯದ ಲೆಕ್ಕ ತಲೆಕೆಳಗಾಗುವುದು. ಆ ಆಮೆ ನಮ್ಮ ನಾಡಿನದಲ್ಲ. ಅಮೆರಿಕೆಯ ಮಿಸಿಸಿಪ್ಪಿ ನದೀಪ್ರಾಂತದ್ದು. ಬೆಳೆದಾಗ ಒಂದಡಿಯ ಸಮೀಪಕ್ಕೆ ಬರುವುದು. 30 ವರ್ಷ ಬದುಕಬಲ್ಲುದು. ನಮ್ಮ ಕೆರೆಗೆ ಬಿಟ್ಟರೆ ಮೀನಿನ ಮರಿ, ಗೊದಮೊಟ್ಟೆ, ಜಲಸಸ್ಯಗಳನ್ನು ತಿಂದು, ಇಲ್ಲಿಯ ಕರಿಯಾಮೆಗಳ ಆಹಾರವನ್ನೂ ಅವು ಬಿಸಿಲು ಕಾಯುವ ಕಲ್ಲನ್ನೂ ಆಕ್ರಮಿಸುವುದು. ಪರಸ್ಥಳಕ್ಕೆ ಹೋಗಿ ಲೋಕದಲ್ಲಿ ಅತಿ ಹಾನಿಯುಂಟುಮಾಡಿದ 100 ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕೇರಳದ ತೋಡುಗಳಲ್ಲಿಯೂ ಇದು ಕಾಣಿಸಿಕೊಂಡುದರಿಂದ, ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಇದನ್ನು ನೀರಿಗೆ ಬಿಡಬಾರದೆಂದು ಎಚ್ಚರಿಸಿದ್ದಾರೆ. ಆಮೆಯ ತಪ್ಪು ಇದರಲ್ಲಿ ಏನೂ ಇಲ್ಲ. ತಪ್ಪು ಅದನ್ನು ಆಟದ ವಸ್ತುವೆಂದು ಮಾರಿದವರದು, ಅದು ಬೆಳೆಯುವುದೆಂಬುದನ್ನು ಮರೆತು ಕೊಂಡವರದು.

ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಭರತ ಮಹಾರಾಜನ ಕಥೆ ಇಲ್ಲಿ ಮನನೀಯವಾಗಿದೆ. ರಾಜ್ಯವನ್ನು ತೊರೆದು ಗಂಡಕೀ ತೀರದಲ್ಲಿ ತಪಸ್ಸು ಮಾಡುತ್ತಿದ್ದ ಆತನ ಕಣ್ಣೆದುರಿಗೆ, ಸಿಂಹಗರ್ಜನೆಗೆ ಬೆದರಿ ಹೊಳೆಗೆ ಹಾರಿದ ತುಂಬು ಬಸಿರಿನ ಜಿಂಕೆಯೊಂದು ನೀರಿನಲ್ಲಿಯೇ ಮರಿಯನ್ನು ಕಳೆದುಕೊಂಡು ಸತ್ತಿತು. ತೇಲಿಹೋಗುತ್ತಿದ್ದ ಮರಿಯನ್ನು ಅರಸನು ಎತ್ತಿಕೊಂಡನು. ಅದು ದಯೆ, ಅದನ್ನು ತಪ್ಪೆನ್ನುವವರಿಲ್ಲ. ಆದರೆ ಬರಬರುತ್ತ ಜಪ ಹೋಯಿತು, ತಪ ಹೋಯಿತು. ಮರಿ ‘ನನ್ನದು’ ಎಂಬ ಭಾವವೊಂದೇ ಉಳಿಯಿತು. ಪ್ರಾಣ ಬಿಡುವಾಗಲೂ ಅದರ ಚಿಂತೆಯೇ ಇದ್ದುದರಿಂದ ಜಿಂಕೆಯಾಗಿ ಹುಟ್ಟಬೇಕಾಯಿತು. ಮರಿಯನ್ನು ನೀರಿನಿಂದ ಎತ್ತಿದ ಕೈ ಯಾವುದೋ, ಬಿಡಲಾರದೆ ಹಿಡಿದ ಕೈಯೂ ಅದೇ. ದಯೆ ಎಲ್ಲಿ ಮುಗಿದು ಮೋಹ ಎಲ್ಲಿ ಆರಂಭವಾಯಿತೆಂಬುದು ಅರಸನಿಗೇ ತಿಳಿಯಲಿಲ್ಲ. ಇನ್ನು ನಮ್ಮ ಕಾಲದವರು ಅರಸನಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಮೋಹವಿದ್ದಷ್ಟು ದಿನ ಸಾಕಿ, ಭಾರವಾದೊಡನೆ ಕೈಬಿಟ್ಟು, ಆ ಕೈಬಿಟ್ಟುದನ್ನೇ ಪುಣ್ಯವೆಂದು ಬರೆದುಕೊಳ್ಳುತ್ತಾರೆ.

ಹಾಗಾದರೆ ಪ್ರಾಣಿಯನ್ನು ಪ್ರೀತಿಸುವ ಸರಿಯಾದ ಬಗೆ ಯಾವುದು? ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಕುಂಬಳೆಯ ಸಮೀಪದ ಅನಂತಪುರದ ಸರೋವರ ಕ್ಷೇತ್ರದಲ್ಲಿದ್ದ ಮೊಸಳೆ ಬಬಿಯಾವನ್ನು ಅರಿಯದವರು ಈ ಸೀಮೆಯಲ್ಲಿ ಇಲ್ಲ. ಅದಕ್ಕೆ ಪಂಜರವಿರಲಿಲ್ಲ, ಸರಪಳಿಯಿರಲಿಲ್ಲ. ಕೆರೆಯ ಗುಹೆಯೇ ಅದರ ಮನೆ; ಬೇಕೆನಿಸಿದಾಗ ಬಂದು ನೈವೇದ್ಯದ ಅನ್ನವನ್ನು ಉಂಡು ಹೋಗುತ್ತಿತ್ತು. ದರ್ಶನಕ್ಕೆ ಬಂದ ಅನೇಕರು ಅದನ್ನು ಕಾಣದೆಯೇ ಮರಳಿದರು. ಹಾಗೆಂದು ಯಾರೂ ಅದನ್ನು ಎಳೆದು ತೋರಿಸಲಿಲ್ಲ. 2022ರ ಅಕ್ಟೋಬರ್ 9ರಂದು ಅದು ಸತ್ತಾಗ ಜನರು ಸಾಲುಗಟ್ಟಿ ಬಂದು ಅಂತಿಮ ನಮಸ್ಕಾರ ಸಲ್ಲಿಸಿದರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಹೀಗೆ ಪ್ರಾಣಿಯನ್ನು ಅದರ ನೆಲೆಯಲ್ಲಿ ಇರಗೊಟ್ಟು, ಕಂಡರೆ ಕೈಮುಗಿದು, ಕಾಣದಿದ್ದರೆ ಕೊರಗದೆ ಇರುವುದೇ ಪ್ರೀತಿಯ ಪಕ್ವ ರೂಪವೆನ್ನಬಹುದು.

ಇದೇ ಮಾತು ಕಡಲಿಗೂ ಅನ್ವಯಿಸುವುದು. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿ ಎಂಬ ಕಡಲಾಮೆ ಆಯುಷ್ಯದ ಬಹುಭಾಗವನ್ನು ನೀರಿನಲ್ಲಿಯೇ ಕಳೆಯುವುದು. ಹೆಣ್ಣು ಮಾತ್ರ ರಾತ್ರಿಯ ಹೊತ್ತು ದಡಕ್ಕೆ ಬಂದು, ಮರಳನ್ನು ತೋಡಿ, 100ರಷ್ಟು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಹಿಂದಿರುಗುವುದು. ಏಳೆಂಟು ವಾರಗಳಲ್ಲಿ ಮರಿಗಳು ಹೊರಬಂದು, ಬೆಳಕು ಹೆಚ್ಚಾಗಿ ತೋರುವ ಕಡಲಿನ ಕಡೆಗೆ ಹರಿಯುವುವು; ದಡದ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ದಿಕ್ಕು ತಪ್ಪಿ ಊರಿನ ಕಡೆಗೆ ಬಂದು ಸಾಯುವುವು. ಆಮೆಗೆ ಮೀನಿನಂತೆ ಕಿವಿರಿಲ್ಲ. ಮೇಲೆ ಬಂದು ಗಾಳಿಯನ್ನು ಉಸಿರಾಡಬೇಕು. ಬಲೆಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡರೆ ನೀರಿನ ಪ್ರಾಣಿ ನೀರಿನಲ್ಲಿಯೇ ಮುಳುಗಿ ಸಾಯುವುದು! ತೋಡಿನಲ್ಲಿ ಎಸೆದ ಪ್ಲಾಸ್ಟಿಕ್ ಚೀಲ ಮಳೆನೀರಿನೊಡನೆ ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರಿ, ಅಂಬಲಿಮೀನಿನಂತೆ ತೋರಿ ಅದರ ಹೊಟ್ಟೆಗೆ ಹೋಗುವುದು. ಕೈ ನಮ್ಮದು, ಹೊಟ್ಟೆ ಅದರದು. ನಡುವಿನ ದಾರಿ ಉದ್ದವಾದುದರಿಂದ ಪಾಪ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಇಲ್ಲಿ ಬೆಸ್ತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಶಿಬಿ ಚಕ್ರವರ್ತಿಯ ಕಥೆಯನ್ನು ನೆನೆಯಬೇಕು. ಪಾರಿವಾಳವನ್ನು ಕಾಪಾಡುವಾಗ ಅವನು ಗಿಡುಗನನ್ನು ಪಾಪಿಯೆಂದು ಜರೆದು ಉಪವಾಸ ಕೆಡಹಲಿಲ್ಲ. ಹಸಿವು ಅದಕ್ಕೂ ಇದೆಯೆಂದು ತನ್ನ ಮೈಯ ಮಾಂಸವನ್ನೇ ತಕ್ಕಡಿಗೆ ಇಟ್ಟನು. ದಯೆಯ ಬೆಲೆಯನ್ನು ದಯೆ ತೋರುವವನೇ ತೆರತಕ್ಕುದು. ಬಡವನ ಲೆಕ್ಕಕ್ಕೆ ಬರೆಯತಕ್ಕುದಲ್ಲ. ಗುಜರಾತಿನಲ್ಲಿ 2004ರಲ್ಲಿ ತಿಮಿಂಗಿಲ ಶಾರ್ಕ್ ಎಂಬ ದೊಡ್ಡ ಮೀನಿನ ರಕ್ಷಣೆಯ ಪ್ರಯತ್ನ ಆರಂಭವಾದಾಗ, ರಾಮಕಥಾ ಪ್ರವಚನಕಾರರಾದ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಜನರ ಮನಸ್ಸನ್ನು ತಿರುಗಿಸಿದರು. ಮೀನನ್ನು ಬಿಡಲು ಬಲೆಯನ್ನು ಕತ್ತರಿಸಿದ ಬೆಸ್ತನಿಗೆ ಬಲೆಯ ನಷ್ಟವನ್ನು ಸರ್ಕಾರ ತುಂಬಿಕೊಡುವ ಏರ್ಪಾಡೂ ಆಯಿತು. ಉಪದೇಶವೂ ಬಂತು, ಪರಿಹಾರವೂ ಬಂತು. ಆಗ ಬೆಸ್ತನೇ ರಕ್ಷಕನಾದನು. ಕೋಜಿಕ್ಕೋಡು ಜಿಲ್ಲೆಯ ಕೊಳಾವಿಪ್ಪಾಲಂ ಕಡಲತೀರದಲ್ಲಿಯೂ 1992ರಿಂದ ಆಮೆಯ ಮೊಟ್ಟೆಗಳನ್ನು ಕಾದವರು ಮೀನುಗಾರರ ಮನೆಯ ತರುಣರೇ. ನಮ್ಮ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿಯೂ ಅಂಥ ಕಾವಲು ನಡೆದುಬಂದಿದೆ.

ಬಾಲಿಕೆಯ ಮನೆಯಲ್ಲಿ ಕೊನೆಗೆ ಆಮೆಯನ್ನು ಕೆರೆಗೆ ಬಿಡಲಿಲ್ಲ. ಹಿತ್ತಿಲಿನ ಪೇರಳೆಯ ಮರದ ಬದಿಯಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿ ಕಟ್ಟಿಸಿ, ಬಿಸಿಲು ಕಾಯಲು ಕಲ್ಲನ್ನಿಟ್ಟು, ಹರಿದು ಹೋಗದಂತೆ ಸುತ್ತ ತಂತಿಯ ಬೇಲಿ ಹಾಕಿಸಿದರು. ನೀರು ಬದಲಿಸುವ ಕೆಲಸ ಮಗುವಿನದು. ಅದು 30 ವರ್ಷ ಬದುಕಿದರೆ ಅವಳಿಗೆ ನಲವತ್ತು ದಾಟಿರುವುದು. ಅಷ್ಟು ದೀರ್ಘವಾದ ಋಣವನ್ನು ತಿಳಿದೇ ಅವಳು ಒಪ್ಪಿಕೊಂಡಳು. ಇನ್ನು ಮುಂದೆ ಯಾವ ಪ್ರಾಣಿಯನ್ನೂ ಕೊಂಡು ತರಬಾರದೆಂದು ತಂದೆಯಿಂದ ಮಾತು ತೆಗೆದುಕೊಂಡಳು. ಬ್ರಹ್ಮಕಲಶದ ದಿನ ಅವಳು ಕೆರೆಯ ಮೆಟ್ಟಿಲಿನಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಚೀಲಗಳನ್ನು ಹೆಕ್ಕುತ್ತಿದ್ದಳು. ನೋಡಿದವರು ಅದನ್ನು ದೇವರ ಸೇವೆಯೆಂದರು. ಅದು ಕಡಲಿನ ಆಮೆಯ ಸೇವೆಯೂ ಆಗಿತ್ತು.

ಜೀರ್ಣೋದ್ಧಾರವೆಂದರೆ ಕಲ್ಲು ಮರಗಳ ಕೆಲಸ ಮಾತ್ರವಲ್ಲ. ಗರ್ಭಗುಡಿ ಹೊಸತಾಯಿತು, ಕೆರೆಯ ಹೂಳು ಹೋಯಿತು. ಪ್ರೀತಿಯೊಳಗೆ ತುಂಬಿಕೊಂಡ ‘ನನ್ನದು’ ಎಂಬ ಹೂಳನ್ನೂ ತೆಗೆಯಲು ಭಗವಂತನು ನಮಗೆ ಬುದ್ಧಿಯನ್ನು ಕರುಣಿಸಲಿ.