ಹೋಗುವ ಮಾಡೆಲ್, ಬರುವ ಮಾಡೆಲ್

ಒಂದೇ ಹೆಸರಿನ ಎರಡು ಕಾರುಗಳು. ಒಂದು, ಇನ್ನು ಕೆಲವೇ ವಾರಗಳಲ್ಲಿ ತಯಾರಿಕೆ ನಿಲ್ಲಲಿರುವ ಮಾಡೆಲ್. ಇನ್ನೊಂದು, ಅದರ ಜಾಗಕ್ಕೆ ಬರಲಿರುವ, ಮೈಕಟ್ಟು ಬದಲಾದ ಮಾಡೆಲ್. ಮೊದಲನೆಯದಕ್ಕೆ ಕೆಲವು ಲಕ್ಷ ರೂಪಾಯಿ ರಿಯಾಯಿತಿ. ಎರಡನೆಯದಕ್ಕೆ ಪೂರ್ಣ ಬೆಲೆ, ಅದರ ಮೇಲೆ ಕಾಯುವ ಕಷ್ಟ. ಯಾವುದನ್ನು ಕೊಳ್ಳಬೇಕು?

ಇದು ಹಣವಂತರ ಚಿಂತೆ, ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತುಕೊಂಡು ಕಚೇರಿಗೆ ಹೋಗುವ ಗುಮಾಸ್ತರಿಗೆ ಇದರ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ವಿಚಾರ ಮಾಡಿ ನೋಡಿದರೆ ಎಪ್ಪತ್ತು ಲಕ್ಷದ ಕಾರಿಗೆ ಅನ್ವಯಿಸುವ ಮಾತು ಮೂರು ಸಾವಿರದ ಮಿಕ್ಸಿಗೂ ಅನ್ವಯಿಸುತ್ತದೆ. ಮೊತ್ತ ದೊಡ್ಡದಾದಾಗ ಪ್ರಶ್ನೆ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಎರಡು ಪ್ರಶ್ನೆಗಳಿವೆ. ಹೊಸದು ಬಂದ ಮಾತ್ರಕ್ಕೆ ಹಳೆಯದು ಕೀಳಾಗುತ್ತದೆಯೆ? ಹೊಸದು ಬರಲಿದೆ ಎಂದು ಬಲ್ಲ ಮಾರಾಟಗಾರ ಅದನ್ನು ಕೊಳ್ಳುವವನಿಗೆ ಹೇಳಬೇಕೆ?

ಹೋಟೆಲು ಉದ್ಯಮದಲ್ಲಿರುವ ನಮ್ಮ ಮಿತ್ರರೊಬ್ಬರು, ಉಡುಪಿಯ ಕಡೆಯವರು, ಮೂವತ್ತು ವರ್ಷ ಒಲೆಯ ಮುಂದೆ ಬೆಂದು ದುಡಿದ ಹಣದಲ್ಲಿ ಇಂಥದೊಂದು ದೊಡ್ಡ ಕಾರು ಕೊಂಡರು. ಕಾರಿನ ಹೆಸರಾಗಲಿ ಅಂಗಡಿಯ ಹೆಸರಾಗಲಿ ಇಲ್ಲಿ ಬೇಡ. ಅದಕ್ಕೆ ‘ಹಬ್ಬದ ರಿಯಾಯಿತಿ’ ದೊರೆಯಿತು. ಮನೆಯವರೆಲ್ಲ ಸಂತೋಷಪಟ್ಟರು. ಮೂರು ವಾರದ ನಂತರ ಅದೇ ಅಂಗಡಿಯ ಗಾಜಿನ ಗೋಡೆಯ ಹಿಂದೆ ಅದೇ ಹೆಸರಿನ ಹೊಸ ಮೈಕಟ್ಟಿನ ಕಾರು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಅಂದಿನಿಂದ ಮಿತ್ರರ ಕಾರಿನ ಮೇಲೆ ಸದಾ ಬಟ್ಟೆಯ ಮುಸುಕು. ಮದುವೆ ಮುಂಜಿಗಳಿಗೆ ಅವರು ಆಟೋದಲ್ಲಿ ಬರುತ್ತಾರೆ. “ನೀವು ಬಿ.ಎಸ್‌ಸಿ. ಓದಿದವರು, ಒಂದು ಲೆಕ್ಕ ಹೇಳಿ ಮಾರಾಯ್ರೆ. ಕಾರು ಅದೇ, ಓಡುವುದೂ ಹಾಗೆಯೇ. ಹಾಗಾದರೆ ನನಗೆ ಮೋಸವಾದದ್ದು ಹೌದೋ ಅಲ್ಲವೋ?” ಎಂದು ಅವರು ಕೇಳಿದರು. ಈ ಲೇಖನ ಆ ಪ್ರಶ್ನೆಗೆ ನಾವು ಹುಡುಕಿದ ಉತ್ತರ.

ಮೊದಲು ಭೌತಶಾಸ್ತ್ರದ ಒಂದು ಮಾತು. ಶಾಲೆಯಲ್ಲಿ ನಾವೆಲ್ಲ ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ಕಲಿತಿದ್ದೇವೆ. ದ್ರವ್ಯರಾಶಿ ವಸ್ತುವಿನೊಳಗೇ ಇರುತ್ತದೆ. ತೂಕ ಆ ವಸ್ತು ಎಲ್ಲಿದೆ ಎಂಬುದನ್ನು ಅವಲಂಬಿಸುತ್ತದೆ. ಭೂಮಿಯ ಮೇಲೆ ಅರುವತ್ತು ಕಿಲೋ ತೂಗುವ ಮನುಷ್ಯ ಚಂದ್ರನ ಮೇಲೆ ಹತ್ತು ಕಿಲೋದಷ್ಟೇ ತೂಗುತ್ತಾನೆ. ಆದರೆ ಅವನ ಮೈಯಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಕಾರಿನ ಮೌಲ್ಯವೂ ಹೀಗೆ ಎರಡು ಬಗೆಯದು. ಎಂಜಿನ್ನು, ಬ್ರೇಕು, ಸೀಟು, ಸುರಕ್ಷತೆ ಇವು ಅದರ ದ್ರವ್ಯರಾಶಿ. ನೋಡುವವರ ಕಣ್ಣಿನಲ್ಲಿ ಅದರ ಸ್ಥಾನ, ನಾಳೆ ಮಾರಿದರೆ ಬರುವ ಬೆಲೆ ಇವು ಅದರ ತೂಕ. ಹೊಸ ಮಾಡೆಲ್ ಬಂದ ದಿನ ಹಳೆಯ ಕಾರು ಚಂದ್ರಲೋಕಕ್ಕೆ ಹೋದಂತೆ: ತೂಕ ಇಳಿಯಿತು, ದ್ರವ್ಯರಾಶಿ ಇದ್ದ ಹಾಗೆಯೇ ಇದೆ.

ತೂಕ ಬದಲಾಗಲು ಹೊಸ ಮಾಡೆಲೇ ಬರಬೇಕೆಂದಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದಾಗ, ಅದುವರೆಗೆ ಸೆಸ್ ಸೇರಿ ಶೇಕಡ 48ರಷ್ಟಿದ್ದ ದೊಡ್ಡ ಸೆಡಾನ್ ಕಾರುಗಳ ತೆರಿಗೆ ಶೇಕಡ 40ಕ್ಕೆ ಇಳಿಯಿತು. ಹಿಂದಿನ ವಾರ ಕೊಂಡವರ ಕಾರಿನ ಒಂದು ತಿರುಪು ಕೂಡ ಸಡಿಲವಾಗಲಿಲ್ಲ. ಆದರೂ ಎಷ್ಟೋ ಜನರಿಗೆ ಅಂದು ಊಟ ರುಚಿಸಿರಲಾರದು.

ಹಾಗೆಂದು ‘ಹೊಸದೆಲ್ಲ ಬರೀ ಥಳಕು’ ಎಂದು ತೀರ್ಮಾನಿಸುವುದೂ ಸರಿಯಲ್ಲ. ಒಂದು ನಿದರ್ಶನ ನೋಡೋಣ. ಚೆನ್ನೈಯಿಂದ ಚೆಂಗಲ್ಪಟ್ಟಿಗೆ ಹೋಗುವ ದಾರಿಯ ಮಹೀಂದ್ರ ವರ್ಲ್ಡ್ ಸಿಟಿಯಲ್ಲಿ ಬಿ.ಎಂ.ಡಬ್ಲ್ಯು. ಕಾರ್ಖಾನೆ 2007ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಜೋಡಣೆಯಾಗುವ 5 ಸೀರೀಸ್ ಎಂಬ ಕಾರಿನ ಒಂದು ಪೀಳಿಗೆ 2017ರಲ್ಲಿ ನಮ್ಮ ದೇಶಕ್ಕೆ ಬಂತು. ಅದರ ಮುಂದಿನ ಪೀಳಿಗೆ 2024ರ ಜುಲೈಯಲ್ಲಿ ಬಂತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ಹಳೆಯದರಲ್ಲಿ 2975 ಮಿಲಿಮೀಟರ್, ಹೊಸದರಲ್ಲಿ 3105. ಅಂದರೆ 130 ಮಿಲಿಮೀಟರ್, ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ, ಹೆಚ್ಚಾಯಿತು. ಹಿಂದಿನ ಸೀಟಿನಲ್ಲಿ ಕೂತು ಮಂಡಿನೋವಿನಿಂದ ನರಳುವ ವೃದ್ಧರಿಗೆ ಇದು ನಿಜವಾದ ಉಪಕಾರ. ಪೆಟ್ರೋಲ್ ಎಂಜಿನ್ನು ಮಾತ್ರ ಎರಡರಲ್ಲೂ ಎರಡು ಲೀಟರಿನ ನಾಲ್ಕು ಸಿಲಿಂಡರಿನದೇ. ಶಕ್ತಿ 252 ಅಶ್ವಶಕ್ತಿಯಿಂದ 258ಕ್ಕೆ ಏರಿತು. ಆ ಆರು ಕುದುರೆಗಳು ಅಣ್ಣಾ ಸಾಲೈಯ ಸಂಜೆಯ ಸಂದಣಿಯಲ್ಲಿ ಯಾರನ್ನೂ ಬೇಗ ಮನೆ ಮುಟ್ಟಿಸಲಾರವು. ಹೊಸದರ ಉದ್ದ ಐದು ಮೀಟರನ್ನು ದಾಟಿದೆ; ಮೈಲಾಪುರದ ಮಾಡಬೀದಿಗಳಲ್ಲಿ ಅದನ್ನು ತಿರುಗಿಸಬೇಕಾದ ಚಾಲಕನಿಗೆ ಇದು ಉಪಕಾರವಲ್ಲ. ಕೈಯಿಂದ ತಡವಿ ಗುರುತಿಸಬಹುದಾಗಿದ್ದ ಹಲವು ಗುಂಡಿಗಳು ಹೋಗಿ, ಅವುಗಳ ಕೆಲಸ ಗಾಜಿನ ಪರದೆಗೆ ಸೇರಿತು. ಒಬ್ಬರಿಗೆ ಅದು ಪ್ರಗತಿ, ಇನ್ನೊಬ್ಬರಿಗೆ ಕಿರಿಕಿರಿ. ಹೀಗೆ ಒಂದೊಂದನ್ನೂ ಬಿಡಿಸಿ ಎಣಿಸಿದಾಗ ಮಾತ್ರ, ಯಾವುದು ದ್ರವ್ಯರಾಶಿಯ ಬದಲಾವಣೆ, ಯಾವುದು ತೂಕದ್ದು ಎಂದು ತಿಳಿಯುತ್ತದೆ.

‘ಹೊಸ’ ಎಂಬ ಶಬ್ದ ಎಷ್ಟು ಮೋಸಗಾರ ಎಂಬುದಕ್ಕೆ ನಮ್ಮ ಚೆನ್ನೈಯಲ್ಲೇ ಒಂದು ಹಳೆಯ ಪಾಠವಿದೆ. ವಂಡಲೂರಿನ ಬಳಿ ಕಾರ್ಖಾನೆಯಿದ್ದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ಭಾರಿ ಕಾರನ್ನು ಹೊರತಂದಿತು. ಅದರ ಮೈಕಟ್ಟು ಇಂಗ್ಲೆಂಡಿನ ರೋವರ್ ಎಸ್.ಡಿ. 1 ಕಾರಿನದು. ಯುರೋಪಿನಲ್ಲಿ 1977ರ ವರ್ಷದ ಕಾರೆಂದು ಪ್ರಶಸ್ತಿ ಪಡೆದಿದ್ದ ಆ ಕಾರಿನ ತಯಾರಿಕೆ ಅದರ ತವರಿನಲ್ಲಿ 1986ರಲ್ಲಿ ನಿಂತಿತು. ಅಲ್ಲಿ ಹೋಗುವ ಮಾಡೆಲ್ ಇಲ್ಲಿ ಬರುವ ಮಾಡೆಲ್ ಆಗಿತ್ತು! ಬಾನೆಟ್ಟಿನ ಕೆಳಗಿದ್ದ ಎಂಜಿನ್ನು ಇನ್ನೂ ಹಿರಿಯದು. 1940ರ ದಶಕದ ವ್ಯಾನ್‌ಗಾರ್ಡ್ ಕಾರಿನ ವಂಶಕ್ಕೆ ಸೇರಿದ್ದು. ಹೊಸ ಅಂಗಿ ತೊಟ್ಟ ಅಜ್ಜನಂತಿದ್ದ ಆ ಕಾರಿನ ತಯಾರಿಕೆ ಮೂರು ವರ್ಷದಲ್ಲಿ ಮುಗಿಯಿತು.

ಇದಕ್ಕೂ ಹಿಂದೆ ಈ ಗೊಂದಲವೇ ಇರಲಿಲ್ಲ. ಫೋರ್ಡ್ ಕಂಪನಿ ತನ್ನ ‘ಟಿ’ ಮಾಡೆಲ್ಲನ್ನು 1908ರಿಂದ 1927ರವರೆಗೆ ಮೂಲದಲ್ಲಿ ಬದಲಿಸದೆ ಒಂದೂವರೆ ಕೋಟಿ ಕಾರುಗಳನ್ನು ತಯಾರಿಸಿತು. ಅದಕ್ಕೆ ಎದುರಾಳಿಯಾದ ಜನರಲ್ ಮೋಟರ್ಸ್ ಸಂಸ್ಥೆ ಆಲ್ಫ್ರೆಡ್ ಸ್ಲೋನ್ ಅವರ ಮುಂದಾಳುತನದಲ್ಲಿ ವರ್ಷ ವರ್ಷವೂ ಮಾಡೆಲ್ ಬದಲಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಕಾರು ಕೆಟ್ಟುಹೋಗುವ ಮೊದಲೇ ಅದರ ಮೇಲಿನ ಮನಸ್ಸು ಕೆಡಬೇಕು ಎಂಬುದು ಆ ಪದ್ಧತಿಯ ಗುಟ್ಟು. ನಮ್ಮ ಅಂಬಾಸಡರ್ 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಹೆಚ್ಚು ಕಡಿಮೆ ಅದೇ ಮುಖ ಹೊತ್ತು ಓಡಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಯಾರಿಗೂ ಯಾವ ಮಾಡೆಲ್ ಎಂಬ ಚಿಂತೆಯಿರಲಿಲ್ಲ. ಕಾರು ಬಂದರೆ ಸಾಕಿತ್ತು. ಆ ಕಾಲ ಒಳ್ಳೆಯದಾಗಿತ್ತೆಂದು ನಾವು ಹೇಳುವುದಿಲ್ಲ. ಆಯ್ಕೆಯಿಲ್ಲದವನ ನೆಮ್ಮದಿಯನ್ನು ವಿವೇಕವೆಂದು ಕರೆಯಲಾಗದು.

ಇನ್ನು ಎರಡನೆಯ ಪ್ರಶ್ನೆ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಧಾನ್ಯದ ಹಡಗು ತರುತ್ತಾನೆ. ಧಾನ್ಯ ತುಂಬಿದ ಇನ್ನೂ ಹಲವು ಹಡಗುಗಳು ತನ್ನ ಹಿಂದೆಯೇ ಬರುತ್ತಿವೆ ಎಂದು ಅವನು ಬಲ್ಲ, ಊರವರು ಅರಿಯರು. ಹೇಳಿದರೆ ಬೆಲೆ ಇಳಿಯುತ್ತದೆ; ಹೇಳದಿದ್ದರೆ ಲಾಭ. ಇದರ ಬಗ್ಗೆ ಡಯೋಜಿನೀಸ್ ಎಂಬ ಗುರುವಿಗೂ ಆಂಟಿಪೇಟರ್ ಎಂಬ ಅವನ ಶಿಷ್ಯನಿಗೂ ಭಿನ್ನಾಭಿಪ್ರಾಯ. ಸರಕಿನಲ್ಲಿ ದೋಷವಿದ್ದರೆ ಕಾನೂನು ಬಯಸುವಷ್ಟು ಹೇಳಬೇಕು, ಉಳಿದದ್ದನ್ನು ಹೇಳದಿರುವುದು ಮುಚ್ಚಿಡುವುದಲ್ಲ ಎಂದು ಗುರುವಿನ ವಾದ. ಮನುಷ್ಯರು ಒಬ್ಬರಿಗೊಬ್ಬರು ಸಂಬಂಧಪಟ್ಟವರು, ಆದ್ದರಿಂದ ಕೊಳ್ಳುವವನಿಗೆ ಎಲ್ಲವೂ ತಿಳಿಯಬೇಕು ಎಂದು ಶಿಷ್ಯನ ವಾದ. ವರ್ತಕ ಮುಚ್ಚಿಡಬಾರದಾಗಿತ್ತು ಎಂದೇ ಸಿಸೆರೊನ ತೀರ್ಪು. ಹಡಗಿನ ಬದಲು ಹೊಸ ಮಾಡೆಲ್ ಇಟ್ಟು ನೋಡಿದರೆ, ಎರಡು ಸಾವಿರ ವರ್ಷದ ಹಿಂದಿನ ಆ ಚರ್ಚೆ ನಮ್ಮ ಮಿತ್ರರದೇ ಚರ್ಚೆ.

ಗುರುವಿನ ಪಕ್ಷವೂ ದುರ್ಬಲವಲ್ಲ. ನಮ್ಮ 1930ರ ಸರಕು ಮಾರಾಟ ಕಾಯಿದೆಯೂ ನೋಡಿ ಕೊಳ್ಳುವ ಹೊಣೆಯನ್ನು ಬಹುಮಟ್ಟಿಗೆ ಕೊಳ್ಳುವವನ ಮೇಲೆಯೇ ಹಾಕಿತ್ತು. ಅಮೆರಿಕದ ಆಸ್‌ಬೋರ್ನ್ ಎಂಬ ಕಂಪ್ಯೂಟರ್ ಕಂಪನಿ ತನ್ನ ಮುಂದಿನ ಯಂತ್ರದ ಸುದ್ದಿಯನ್ನು ಅವಸರದಲ್ಲಿ ಹೊರಬಿಟ್ಟು, ಕೈಯಲ್ಲಿದ್ದ ಸರಕಿನ ಮಾರಾಟ ಕುಸಿದು, 1983ರಲ್ಲಿ ದಿವಾಳಿಯಾಯಿತೆಂದು ವ್ಯಾಪಾರ ಲೋಕದಲ್ಲಿ ಇಂದಿಗೂ ಹೇಳುತ್ತಾರೆ. ಬೇರೆ ಕಾರಣಗಳೂ ಇದ್ದವು ಎನ್ನುವವರಿದ್ದಾರೆ. ಎರಡು ವರ್ಷದ ನಂತರ ಬರುವುದನ್ನು ಇಂದೇ ಸಾರಬೇಕೆಂದರೆ ಯಾವ ಕಾರ್ಖಾನೆಯೂ ಉಳಿಯದು, ಅದರ ಕಾರ್ಮಿಕರ ಅನ್ನವೂ ಉಳಿಯದು. ಆದ್ದರಿಂದ ಮೌನಕ್ಕೂ ಒಂದು ನ್ಯಾಯವಾದ ಜಾಗವಿದೆ.

ಆದರೆ ಆ ಜಾಗಕ್ಕೆ ಗಡಿಯೂ ಇದೆ. ಆ ಗಡಿಯನ್ನು ತಿಳಿಯಲು ಗ್ರೀಸಿಗೆ ಹೋಗಬೇಕಾಗಿಲ್ಲ, ನಮ್ಮ ಮಿತ್ರರ ಹೋಟೆಲಿಗೆ ಹೋದರೆ ಸಾಕು. ಬೆಳಿಗ್ಗೆ ಇಡ್ಲಿ ಕೇಳಿದವರಿಗೆ ಅಲ್ಲಿಯ ಸಪ್ಲೈಯರ್ “ಸಾರ್, ಇರುವುದು ಸ್ವಲ್ಪ ಆರಿದೆ, ಹತ್ತು ನಿಮಿಷ ಕೂತರೆ ಬಿಸಿ ಬರುತ್ತದೆ” ಎನ್ನುತ್ತಾನೆ. ಕಚೇರಿಗೆ ಹೊತ್ತಾದವರು ಆರಿದ್ದನ್ನೇ ತಿಂದು ಹೊರಡುತ್ತಾರೆ, ಪುರಸೊತ್ತಿದ್ದವರು ಕಾಯುತ್ತಾರೆ. ಆರಿದ ಇಡ್ಲಿಯನ್ನು ಮಾರುವುದು ತಪ್ಪಲ್ಲ. ನಾಳೆಯ ತಿಂಡಿ ಏನೆಂದು ಇಂದೇ ಹೇಳಬೇಕಾದ್ದೂ ಇಲ್ಲ. ಆದರೆ ಒಲೆಯ ಮೇಲಿರುವುದನ್ನು ಬಲ್ಲವನು, ಎಲೆಯ ಮುಂದೆ ಕೂತವನಿಗೆ ಅದನ್ನು ಹೇಳಬೇಕು. ಯಾಕೆಂದರೆ ಆಯ್ಕೆ ತಿನ್ನುವವನದು.

ಇದೇ ಅಳತೆಯಿಂದ ಅಳೆದರೆ, ಹೊಸ ಕಾರಿನ ಬಿಡುಗಡೆಯ ದಿನ ಗೊತ್ತಾದ ಮೇಲೆ ಅಂಗಡಿಯವರು ಹೇಳಬೇಕಾಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅವರು ಬರೀ ಸುಮ್ಮನಿರಲಿಲ್ಲ. ರಿಯಾಯಿತಿಗೆ ಹಬ್ಬದ ಹೆಸರು ಕೊಟ್ಟರು. ರಿಯಾಯಿತಿ ಎಂಬುದೂ ಒಂದು ಮಾತೇ. ‘ಈ ಕಾರಿನ ತೂಕ ಇಳಿಯಲಿದೆ, ಅದಕ್ಕೆ ಪರಿಹಾರವಾಗಿ ಇಷ್ಟು ಬಿಟ್ಟಿದ್ದೇವೆ’ ಎಂಬುದು ಅದರ ನಿಜವಾದ ಅರ್ಥ. ಆ ಅರ್ಥವನ್ನು ಅಳಿಸಿ ಬೇರೆ ಕಾರಣ ಬರೆದಾಗ ಮೌನ ಸುಳ್ಳಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸರಕಿನ ಗುಣ, ಪ್ರಮಾಣ, ಬೆಲೆಗಳ ಬಗ್ಗೆ ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ನೋಂದಣಿ ಪತ್ರದಲ್ಲಿ ಕಾರು ತಯಾರಾದ ತಿಂಗಳು, ವರ್ಷ ಎರಡೂ ಇರುತ್ತವೆ. ಹುಟ್ಟಿದ ದಿನ ಕಾಗದದಲ್ಲಿ ಸಿಗುತ್ತದೆ. ಉತ್ತರಾಧಿಕಾರಿ ಬರುವ ದಿನವನ್ನು ಮಾತ್ರ ಮಾರುವವನ ಮನಸ್ಸಾಕ್ಷಿಯೇ ಹೇಳಬೇಕು.

ಕೊಳ್ಳುವವರಿಗೂ ಕರ್ತವ್ಯವಿದೆ. ರಿಯಾಯಿತಿಯ ಬೆಲೆಯನ್ನು ಕೆಲವೊಮ್ಮೆ ಮೂರನೆಯವರು ತೆರಬೇಕಾಗುತ್ತದೆ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಹಳೆಯ ಬಿ.ಎಸ್. 3 ಹೊಗೆ ಮಾನದಂಡದ ವಾಹನಗಳನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಆಜ್ಞೆ ಮಾಡಿತು. ಆಗ ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅಂಥ ವಾಹನಗಳು ಮಾರಾಟವಾಗದೆ ಉಳಿದಿದ್ದವು. ಉಳಿದ ಎರಡು ದಿನಗಳಲ್ಲಿ ಸಾವಿರಗಟ್ಟಲೆ ರಿಯಾಯಿತಿಗೆ ಜನ ಅಂಗಡಿಗಳಿಗೆ ಮುಗಿಬಿದ್ದರು. ಅಗ್ಗವಾದದ್ದು ಕೊಂಡವರಿಗೆ, ಹೊಗೆ ಕುಡಿಯುವವರು ಬಸ್ ಸ್ಟಾಪಿನಲ್ಲಿ ನಿಂತ ನಮ್ಮಂಥವರು. ಹೋಗುವ ಮಾಡೆಲಿನ ಹಳಮೆ ನೋಟದಲ್ಲಿದ್ದರೆ ಅದು ಕೊಳ್ಳುವವರ ಸ್ವಂತ ವಿಷಯ. ಹೊಗೆಯಲ್ಲೋ ಬ್ರೇಕಿನಲ್ಲೋ ಇದ್ದರೆ ಅದು ಎಲ್ಲರ ವಿಷಯ. ಅಲ್ಲಿ ಹೊಸದನ್ನೇ ಆರಿಸಬೇಕು.

ಕಾಳಿದಾಸ ತನ್ನ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಈ ಹಳತು ಹೊಸತಿನ ಮಾತನ್ನೇ ಎತ್ತುತ್ತಾನೆ. ಪರೀಕ್ಷಿಸಿ ಆರಿಸುವುದು ಬಲ್ಲವರ ದಾರಿ, ಇತರರ ಅಭಿಪ್ರಾಯದ ಬೆನ್ನು ಹತ್ತುವುದು ಮೂಢರ ದಾರಿ ಎಂಬುದು ಅಲ್ಲಿಯ ತಾತ್ಪರ್ಯ. ಅವನು ಹೇಳಿದ್ದು ಕಾವ್ಯದ ಬಗ್ಗೆ, ಕಾರಿಗೂ ಸಲ್ಲುತ್ತದೆ. ನೆರೆಯವರ ಕಣ್ಣಿಗಾಗಿ ಕೊಳ್ಳುವವರು ಪ್ರಾಮಾಣಿಕವಾಗಿ ಅದನ್ನು ಒಪ್ಪಿಕೊಂಡು ಹೊಸದನ್ನೇ ಕೊಳ್ಳಲಿ. ಆದರೆ ಆ ಹೊಸತನವೂ ಐದಾರು ವರ್ಷದ ಬಾಡಿಗೆಯ ವಸ್ತು ಎಂಬುದನ್ನು ನೆನಪಿನಲ್ಲಿಡಲಿ. ಬಳಕೆಗಾಗಿ ಕೊಳ್ಳುವವರು ಹೋಗುವ ಮಾಡೆಲ್ಲನ್ನು ರಿಯಾಯಿತಿಯಲ್ಲಿ ಕೊಂಡರೆ ಅವರಿಗೆ ನಷ್ಟವಿಲ್ಲ. ತಮಗೆ ಬೇಡದ ತೂಕಕ್ಕೆ ಅವರು ಹಣ ಕೊಟ್ಟಿಲ್ಲ, ಅಷ್ಟೆ.

ಮಿತ್ರರಿಗೆ ನಾವು ಕೊಟ್ಟ ಉತ್ತರ ಇದು: “ಕಾರಿನಲ್ಲಿ ಮೋಸವಿಲ್ಲ, ಕಾರಣದಲ್ಲಿ ಮೋಸವಿದೆ. ನೀವು ಕೊಟ್ಟ ಹಣಕ್ಕೆ ತಕ್ಕ ಕಾರು ಬಂದಿದೆ. ಆದರೆ ಕಾಯಬೇಕೋ ಬೇಡವೋ ಎಂದು ನೀವೇ ನಿರ್ಧರಿಸುವ ಅವಕಾಶವನ್ನು ಅವರು ನಿಮ್ಮಿಂದ ಕಸಿದುಕೊಂಡರು. ಅದನ್ನು ಅವರಿಗೆ ಬರೆದು ತಿಳಿಸಿ. ಕಾರಿನ ಮೇಲೆ ಮಾತ್ರ ಸಿಟ್ಟು ಬೇಡ, ಮುಸುಕು ತೆಗೆಯಿರಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ನಾನು ಇದನ್ನು ಮಾರುವಾಗ ಕೊಳ್ಳುವವನಿಗೆ ಎಲ್ಲ ಹೇಳಬೇಕು, ಅಲ್ಲವೆ?” ಎಂದರು. ಹೌದು, ಹೇಳಬೇಕು. ಪ್ರಶ್ನೆ ಕೇಳಿದವರೇ ಅದರ ಕಷ್ಟದ ಭಾಗವನ್ನೂ ಹುಡುಕಿಕೊಂಡರು.

ನಮ್ಮ ಪುದುಪೇಟೆಯ ಬೀದಿಗಳಲ್ಲಿ ಕಳಚಿದ ವಾಹನಗಳ ಬಾಗಿಲು, ದೀಪ, ಗೇರ್‌ಪೆಟ್ಟಿಗೆಗಳು ರಾಶಿ ಬಿದ್ದಿರುತ್ತವೆ. ಅಲ್ಲಿ ಕೊಳ್ಳಲು ಬಂದವರು ಇದು ಹೋಗುವ ಮಾಡೆಲಿನದೋ ಬಂದ ಮಾಡೆಲಿನದೋ ಎಂದು ಮಾನ ಮರ್ಯಾದೆಯ ದೃಷ್ಟಿಯಿಂದ ಕೇಳುವುದಿಲ್ಲ. ಕೂರುತ್ತದೆಯೋ, ಕೆಲಸ ಮಾಡುತ್ತದೆಯೋ ಎಂದಷ್ಟೇ ಕೇಳುತ್ತಾರೆ. ಕಾರು ಕೊಳ್ಳುವ ಮೊದಲೇ ಅಲ್ಲಿ ಒಂದು ಸುತ್ತು ಹಾಕಿ ಬರುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.