ಸಾಕಿದವರ ಮಗ



ಸೂಪರ್‌ಮ್ಯಾನ್ ಯಾರೆಂಬುದನ್ನು ನಿಮ್ಮ ಮಕ್ಕಳು ನಿಮಗಿಂತ ಚೆನ್ನಾಗಿ ಬಲ್ಲರು. 1938ರಲ್ಲಿ ಅಮೆರಿಕದ ಕಾಮಿಕ್ ಪುಸ್ತಕವೊಂದರಲ್ಲಿ ಕಾಣಿಸಿಕೊಂಡ ಈ ವೀರನ ಕಥೆ ಹಲವು ಬಾರಿ ಸಿನಿಮಾ ಆಗಿದೆ. ನಾಶವಾಗುತ್ತಿದ್ದ ಬೇರೊಂದು ಲೋಕದಿಂದ ಹೆತ್ತವರು ಕಳುಹಿಸಿದ ಹಸುಗೂಸನ್ನು ಭೂಮಿಯ ಮೇಲೆ ಸಾಮಾನ್ಯ ರೈತ ದಂಪತಿಗಳು ಎತ್ತಿ ಸಾಕುತ್ತಾರೆ. 2025ರ ಜುಲೈನಲ್ಲಿ ನಿರ್ದೇಶಕ ಜೇಮ್ಸ್ ಗನ್ ಈ ಕಥೆಯನ್ನು ಹೊಸದಾಗಿ ತೆರೆಗೆ ತಂದರು.

ಈ ಚಿತ್ರದಲ್ಲಿ ಒಂದು ತಿರುವು ಇದೆ. ಹೆತ್ತವರು ಕಳುಹಿಸಿದ ಸಂದೇಶದ ಅರ್ಧ ಭಾಗ ಮಾತ್ರ ಅವನ ಬಳಿ ಉಳಿದಿರುತ್ತದೆ. ಜನರ ಸೇವೆ ಮಾಡಲೆಂದೇ ತನ್ನನ್ನು ಕಳುಹಿಸಿದ್ದಾರೆಂದು ಅವನು ನಂಬಿರುತ್ತಾನೆ. ಉಳಿದ ಅರ್ಧವನ್ನು ವೈರಿ ಬಯಲಿಗೆ ತರುತ್ತಾನೆ: ಅದರಲ್ಲಿರುವುದು ಈ ಜನರನ್ನು ಆಳು ಎಂಬ ಮಾತು! ಕುಗ್ಗಿಹೋದ ಮಗನಿಗೆ ಸಾಕುತಂದೆ ಧೈರ್ಯ ಹೇಳುತ್ತಾನೆ: ನೀನು ಯಾರೆಂಬುದನ್ನು ನಿನ್ನ ಆಯ್ಕೆಗಳು, ನಿನ್ನ ಕಾರ್ಯಗಳು ಹೇಳುತ್ತವೆ.

ಭಾಲ್ಕಿಯ ಒಬ್ಬ ಯುವಕ ಹೈದರಾಬಾದಿನಲ್ಲಿ ಇದನ್ನು ನೋಡಿ ಬಂದು ನನ್ನೊಡನೆ ಬೇಸರ ತೋಡಿಕೊಂಡ: “ಪಿಕ್ಚರ್ ಛಲೋ ಅದ ಫಾದರ್. ಆದ್ರ ಹಡೆದ ತಾಯಿ-ತಂದಿ ಹೆಸರೇ ಕೆಡಿಸಿಬಿಟ್ಟಾರ. ಅಷ್ಟು ದೊಡ್ಡ ಮನೆತನದ ಮಗ, ಕಡೀಗಿ ಒಕ್ಕಲಿಗನ ಮನ್ಯಾಗ ಬೆಳೆದಿದ್ದೇ ಅವನ ದೊಡ್ಡಸ್ತಿಕಿ ಅಂದ್ರ ಹ್ಯಾಂಗ?”

ಬಾಲ್ಯದಿಂದ ಆ ವೀರನನ್ನು ಮೆಚ್ಚಿದವನ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವನ ಪ್ರಶ್ನೆ ಸಿನಿಮಾದ್ದು ಮಾತ್ರವಲ್ಲ, ನಮ್ಮ ಮನೆಗಳದ್ದೂ ಹೌದು. ಬೀದರಿನಲ್ಲಾಗಲಿ ಔರಾದಿನಲ್ಲಾಗಲಿ, ಮಕ್ಕಳಿಲ್ಲದ ದಂಪತಿಗಳು ಕಣ್ಣೀರಿಟ್ಟು ಪ್ರಾರ್ಥನೆ ಕೋರುತ್ತಾರೆ. ದತ್ತು ಪಡೆಯುವ ಮಾತೆತ್ತಿದರೆ ಮನೆಯ ಹಿರಿಯರು, “ಯಾರ ರಕ್ತವೋ, ಯಾವ ಕುಲವೋ” ಎಂದು ಬಾಯಿ ಮುಚ್ಚಿಸುತ್ತಾರೆ.

ಹಾಗಾದರೆ ಸಂತ ಜೋಸೆಫರ ಬಗ್ಗೆ ಏನು ಹೇಳೋಣ? ಯೇಸು ಪವಿತ್ರಾತ್ಮರಿಂದ ಕನ್ಯಾಮರಿಯಳಲ್ಲಿ ಜನಿಸಿದ ದೇವಪುತ್ರ. ಜೋಸೆಫರ ರಕ್ತ ಅವರಲ್ಲಿಲ್ಲ. ಆದರೂ ಮತ್ತಾಯನ ಶುಭಸಂದೇಶದ ವಂಶಾವಳಿ ದಾವೀದನಿಂದ ಇಳಿದು ಜೋಸೆಫರವರೆಗೆ ಬರುತ್ತದೆ. ಮಗುವಿಗೆ ‘ಯೇಸು’ ಎಂದು ಹೆಸರಿಟ್ಟು ಜೋಸೆಫರು ಅದನ್ನು ತಮ್ಮದಾಗಿಸಿಕೊಂಡರು (ಮತ್ತಾಯ 1:25). ಯೇಸು ದಾವೀದನ ಕುಲಪುತ್ರರೆನಿಸಿಕೊಂಡದ್ದು ಸಾಕುತಂದೆಯ ಮೂಲಕವೇ! ವಿಶ್ವಗುರು ಫ್ರಾನ್ಸಿಸರು 2020ರ ಡಿಸೆಂಬರ್ 8ರಂದು ಜೋಸೆಫರನ್ನು ಕುರಿತು ಬರೆದ ಪತ್ರದಲ್ಲಿ, ಮಗುವನ್ನು ಹುಟ್ಟಿಸಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಅದರ ಹೊಣೆ ಹೊತ್ತಾಗಲೇ ತಂದೆಯಾಗುತ್ತಾರೆ ಎಂದು ಬೋಧಿಸಿದರು.

ಇನ್ನೂ ಒಂದು ಮಾತು. ದೀಕ್ಷಾಸ್ನಾನ ಪಡೆದ ನಾವೆಲ್ಲರೂ ದೇವರ ದತ್ತು ಮಕ್ಕಳು (ರೋಮನರಿಗೆ 8:15). ದೇವರು ನಮ್ಮ ಕುಲ ಕೇಳಲಿಲ್ಲ. ಹೀಗಿರುವಾಗ ತೊಟ್ಟಿಲಲ್ಲಿರುವ ಕೂಸಿನ ಕುಲ ಕೇಳಲು ನಾವು ಯಾರು?

ನಮ್ಮ ನೆರೆಯ ಭಾಲ್ಕಿ ಹಿರೇಮಠದವರು ಅನಾಥ ಶಿಶುಗಳನ್ನು ತಂದು ಸಾಕಿ ಓದಿಸುತ್ತಿರುವುದನ್ನು ನೀವು ಬಲ್ಲಿರಿ. ನಾವು ಕೂಡ ಹಿಂದೆ ಬೀಳಬಾರದು. ಹಿಂದೆ ನಮ್ಮ ದೇಶದಲ್ಲಿ ಕ್ರೈಸ್ತರು ಕಾನೂನಿನ ಪ್ರಕಾರ ಮಗುವಿಗೆ ಪಾಲಕರಾಗಬಹುದಿತ್ತೇ ಹೊರತು ತಂದೆ-ತಾಯಿ ಎನಿಸಿಕೊಳ್ಳುವುದು ಕಷ್ಟವಿತ್ತು. 2015ರ ಬಾಲನ್ಯಾಯ ಕಾಯ್ದೆಯಂತೆ ಇಂದು ಯಾವ ಧರ್ಮದವರಾದರೂ ದತ್ತು ಪಡೆಯಬಹುದು. ದತ್ತು ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕುಗಳೂ ಉಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ. ಯಾರದೋ ಕೈಗೆ ಹಣವಿತ್ತು ಗುಟ್ಟಾಗಿ ಕೂಸನ್ನು ತರಬೇಡಿರಿ. ಅದು ಅಪರಾಧ, ಪಾಪ ಕೂಡ.

ಹಿರಿಯರೇ, ನಿಮ್ಮ ಮಗ-ಸೊಸೆ ಈ ಮಾತೆತ್ತಿದಾಗ ಅಡ್ಡಿ ಬರಬೇಡಿರಿ. ಆ ಸಿನಿಮಾದ ಕೊನೆಯಲ್ಲಿ ಸೂಪರ್‌ಮ್ಯಾನ್ ತನ್ನ ಗಾಯ ಮಾಯುವಾಗ ನೋಡುವುದು ಹೆತ್ತವರ ಸಂದೇಶವನ್ನಲ್ಲ, ಸಾಕಿದವರೊಡನೆ ಕಳೆದ ಬಾಲ್ಯದ ಚಿತ್ರಗಳನ್ನು. ನಿಮ್ಮ ಅಂಗಳದಲ್ಲಿಯೂ ಅಂಥ ಬಾಲ್ಯವೊಂದು ಆಡಿ ಬೆಳೆಯಲಿ.

ಸಂತ ಜೋಸೆಫರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.