ಯಾರಿಗೂ ಹೇಳಬೇಡ

ಕಾಲೇಜಿನಲ್ಲಿ ಮಾನಸಿಕ ಆರೋಗ್ಯ ಸಪ್ತಾಹ ಎಂದಿಟ್ಟುಕೊಳ್ಳಿ. ಖಿನ್ನತೆಯನ್ನು ಗುರುತಿಸಲು ಜಗತ್ತಿನ ಹಲವೆಡೆ ವೈದ್ಯರು ಬಳಸುವ ಪಿಎಚ್‌ಕ್ಯೂ-9 ಹಾಳೆಯನ್ನು ತರಗತಿಯಲ್ಲಿ ಹಂಚುತ್ತಾರೆ. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರ ನಿದ್ದೆ ಹೇಗಿತ್ತು, ಊಟ ಸೇರುತ್ತಿತ್ತೇ, ಓದಿದ್ದು ತಲೆಗೆ ಹತ್ತುತ್ತಿತ್ತೇ ಎಂದೆಲ್ಲ ಕೇಳಿ, ಕೊನೆಯದರಲ್ಲಿ ಬದುಕೇ ಬೇಡವೆನಿಸಿತ್ತೇ ಎಂದು ಕೇಳುತ್ತದೆ. ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹಾಳೆಯ ನೆತ್ತಿಯಲ್ಲಿ ಹೆಸರು, ರಿಜಿಸ್ಟರ್ ನಂಬರು ಬರೆಯಲೇಬೇಕು. ಪಕ್ಕದವಳು ಇಣುಕುತ್ತಿದ್ದಾಳೆ. ಕ್ಲಾಸ್ ಲೀಡರ್ ಹಾಳೆ ಒಟ್ಟುಮಾಡಲು ಬೆಂಚಿನಿಂದ ಬೆಂಚಿಗೆ ಬರುತ್ತಿದ್ದಾನೆ. ಎರಡು ವಾರದಿಂದ ನೆಟ್ಟಗೆ ಕಣ್ಣು ಮುಚ್ಚದ ಹುಡುಗಿ ಒಂಬತ್ತಕ್ಕೂ ಸೊನ್ನೆ ಸುತ್ತಿ ಕೊಡುತ್ತಾಳೆ. ತರಗತಿಗೆ ತರಗತಿಯೇ ಕ್ಷೇಮವಾಗಿದೆ ಎಂಬ ವರದಿ ಪ್ರಿನ್ಸಿಪಾಲರ ಮೇಜು ಸೇರುತ್ತದೆ.

ಅದೇ ಹುಡುಗಿ ರಾತ್ರಿ ಎರಡು ಗಂಟೆಗೆ ಹಾಸ್ಟೆಲಿನಲ್ಲಿ ಹೊದಿಕೆಯೊಳಗೆ ಮೊಬೈಲ್ ಹಿಡಿದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾಳೆ: ‘ಯಾಕೋ ಏನೂ ಬೇಡ ಅನ್ನಿಸ್ತಿದೆ.’ ಚಾಟ್‌ಬಾಟ್ ಕ್ಷಣದಲ್ಲಿ ಉತ್ತರಿಸುತ್ತದೆ. ಅದಕ್ಕೆ ಅವಳ ಅಪ್ಪನ ನಂಬರು ಗೊತ್ತಿಲ್ಲ. ಇಂಟರ್ನಲ್ಸ್ ಅಂಕ ಅದರ ಕೈಯಲ್ಲಿಲ್ಲ. ನಾಳೆ ಹೆಣ್ಣು ನೋಡಲು ಬರುವವರ ಕಿವಿಗೆ ಈ ಸಂಗತಿ ಹಾಕುವ ಚಿಕ್ಕಮ್ಮ ಅದಕ್ಕಿಲ್ಲ. ಇಷ್ಟು ಸಾಕು, ಅವಳು ಬಾಯಿ ಬಿಡುತ್ತಾಳೆ.

ಇದು ಹೊಸದೇನೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ ‘ಎಲೈಝಾ’ ಎಂಬ ಪ್ರೋಗ್ರಾಂ ಪ್ರಕಟಿಸಿದರು. ಎದುರಿನವರು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ವಿದ್ಯೆ. ಅದನ್ನು ಅವರು ಬರೆಯುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರದೇ ಸೆಕ್ರೆಟರಿ ಒಮ್ಮೆ ಅದರ ಜೊತೆ ಮಾತಿಗೆ ಕೂತರು. ನಾಲ್ಕು ಮಾತಾಗುವಷ್ಟರಲ್ಲಿ ‘ನೀವು ಸ್ವಲ್ಪ ಹೊರಗೆ ಹೋಗ್ತೀರಾ’ ಎಂದರು. ಎದುರಿಗಿರುವುದು ಯಂತ್ರವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಯಂತ್ರದ ಮುಂದೆ ಸಂಕೋಚವಿರಲಿಲ್ಲ, ಸಂಕೋಚ ಇದ್ದದ್ದು ಪಕ್ಕದಲ್ಲಿ ನಿಂತ ಮನುಷ್ಯನ ಬಗ್ಗೆ. ವೈಝೆನ್‌ಬಾಮ್ ಇದರಿಂದ ಎಷ್ಟು ಕಳವಳಗೊಂಡರೆಂದರೆ, ಹತ್ತು ವರ್ಷದ ನಂತರ ಕಂಪ್ಯೂಟರಿಗೆ ಯಾವ ಕೆಲಸ ಒಪ್ಪಿಸಬಾರದು ಎಂಬುದರ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಇಂಥ ಯಂತ್ರದಿಂದ ಪ್ರಯೋಜನ ಇಲ್ಲವೇ ಎಂದರೆ, ಇದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 70 ಮಂದಿ ಯುವಕ ಯುವತಿಯರ ಮೇಲೆ ‘ವೋಬಾಟ್’ ಎಂಬ ಚಾಟ್‌ಬಾಟ್ ಪ್ರಯೋಗಿಸಿ ನೋಡಿದರು. ಎರಡು ವಾರದಲ್ಲಿ, ಅದರೊಡನೆ ಮಾತಾಡಿದವರ ಖಿನ್ನತೆಯ ಅಂಕ ಇಳಿದಿತ್ತು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟದ್ದು ಒಂದು ಇ-ಪುಸ್ತಕ. ಖಿನ್ನತೆಯಲ್ಲಿರುವ ವಿದ್ಯಾರ್ಥಿಯ ಕೈಗೆ ಇನ್ನೊಂದು ಪುಸ್ತಕ ಕೊಟ್ಟು ಅದನ್ನು ಸೋಲಿಸುವುದು ದೊಡ್ಡ ಗೆಲುವೇನಲ್ಲ, ಇರಲಿ. ವೋಬಾಟ್ ಆಡುತ್ತಿದ್ದ ಮಾತೆಲ್ಲ ಮನುಷ್ಯರು ಮೊದಲೇ ಬರೆದಿಟ್ಟದ್ದು. ‘ಗಣಿತದಲ್ಲಿ ಫೇಲಾದೆ, ನಾನು ಯಾತಕ್ಕೂ ಬಾರದವನು’ ಎಂದು ಹುಡುಗ ಬರೆದರೆ, ‘ಒಂದು ಪೇಪರಿನಿಂದ ಇಡೀ ಆಸಾಮಿಗೆ ಹಾರಿದೆಯಲ್ಲ, ನಡುವೆ ಏನಿದೆ ನೋಡೋಣ’ ಎಂಬರ್ಥದ ಪ್ರಶ್ನೆ ಹಾಕುವುದು ಅದು ಅನುಸರಿಸುತ್ತಿದ್ದ ಚಿಕಿತ್ಸೆಯ ಜೀವಾಳ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ದಾರಿ ಇದು. ಬೆಂಗಳೂರಿನಲ್ಲೇ ಹುಟ್ಟಿದ ‘ವೈಸಾ’ ಎಂಬ ಪೆಂಗ್ವಿನ್ ರೂಪದ ಚಾಟ್‌ಬಾಟೂ ಇದೇ ದಾರಿಯದು.

ಈಚೆಗೆ, 2025ರ ಮಾರ್ಚ್‌ನಲ್ಲಿ, ಅಮೆರಿಕದ ಡಾರ್ಟ್‌ಮತ್ ವಿಶ್ವವಿದ್ಯಾಲಯದವರು ತಮ್ಮ ‘ಥೆರಾಬಾಟ್’ ಫಲಿತಾಂಶ ಪ್ರಕಟಿಸಿದರು. ತಾನೇ ಮಾತು ಹೆಣೆಯುವ ಈ ಬಾಟ್ ಬಳಸಿದವರಲ್ಲಿ, ಖಿನ್ನತೆ ಇದ್ದವರ ಲಕ್ಷಣಗಳು ಸರಾಸರಿ ಶೇಕಡ 51ರಷ್ಟು ತಗ್ಗಿದವು. ಸುದ್ದಿಯಲ್ಲಿ ಈ ಅಂಕಿ ದಪ್ಪಕ್ಷರದಲ್ಲಿ ಬಂತು. ಪರದೆಯ ಹಿಂದೆ ಸಂಶೋಧಕರು ಕೂತು ಸಂದೇಶಗಳ ಮೇಲೆ ಕಣ್ಣಿಟ್ಟಿದ್ದರು, ಅಪಾಯ ಕಂಡಲ್ಲಿ ನಡುವೆ ಪ್ರವೇಶಿಸಲು ಸಿದ್ಧರಿದ್ದರು ಎಂಬುದು ಅಷ್ಟು ದಪ್ಪಗೆ ಬರಲಿಲ್ಲ.

ನಮ್ಮ ಹುಡುಗಿಯ ಮೊಬೈಲಿನಲ್ಲಿರುವುದು ಇವ್ಯಾವುವೂ ಅಲ್ಲ. ಅಸೈನ್‌ಮೆಂಟ್ ಬರೆಸಿಕೊಳ್ಳಲು ಇಳಿಸಿಕೊಂಡ ಸಾಮಾನ್ಯ ಚಾಟ್‌ಬಾಟ್. ಬಳಸುವವರನ್ನು ಮೆಚ್ಚಿಸುವುದು, ಮಾತು ಮುಂದುವರಿಸುವುದು ಅದಕ್ಕೆ ರೂಢಿಯಾಗಿದೆ. ಖಿನ್ನತೆಯಾದರೋ ಲಾಯರಿನಂತೆ ವಾದ ಹೂಡುವ ಕಾಯಿಲೆ: ನಿನ್ನಿಂದ ಮನೆಯವರಿಗೆಲ್ಲ ಭಾರ, ನೀನಿಲ್ಲದಿದ್ದರೆ ಅವರು ಹಗುರಾಗುತ್ತಾರೆ ಎಂದು ಸಾಕ್ಷಿ ಸಮೇತ ಮಂಡಿಸುತ್ತದೆ. ಅಂಥ ಹೊತ್ತಿನಲ್ಲಿ ‘ನಿನಗೆ ಹಾಗನ್ನಿಸುವುದು ಸಹಜ’ ಎಂದು ಪ್ರತಿ ಸಾಲಿಗೂ ತಲೆಯಾಡಿಸುವ ಕೇಳುಗ ಬೇಕಿಲ್ಲ. ‘ಇದು ಸುಳ್ಳು ಕಣೇ, ಎದ್ದು ಬಾ ಹೊರಗೆ’ ಎಂದು ಕೈ ಹಿಡಿದೆಳೆಯುವ ರೂಮ್‌ಮೇಟ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಜೀವ ಕಳೆದುಕೊಂಡ 16 ವರ್ಷದ ಹುಡುಗನ ಅಪ್ಪ ಅಮ್ಮ 2025ರ ಆಗಸ್ಟ್‌ನಲ್ಲಿ ಕೋರ್ಟಿಗೆ ಹೋದದ್ದು ಇಂಥದೇ ದೂರಿನೊಂದಿಗೆ: ಹೋಂವರ್ಕಿಗೆಂದು ಶುರುವಾದ ಚಾಟ್‌ಬಾಟ್ ನಂಟು ಮಗನನ್ನು ಮನೆಯವರಿಂದ ದೂರ ಮಾಡಿತು ಎಂದು.

ಹಾಗಾದರೆ ಮೊಬೈಲ್ ಕಿತ್ತುಕೊಳ್ಳೋಣ ಎನ್ನುವವರಿದ್ದಾರೆ. ಕಿತ್ತುಕೊಂಡರೆ ಅವಳಿಗೆ ಉಳಿಯುವ ಕೇಳುಗರು ಯಾರು? ಅಮ್ಮನಿಗೆ ಫೋನ್ ಮಾಡಿದರೆ ‘ಊಟ ಆಯ್ತಾ, ದೇವರಿಗೆ ದೀಪ ಹಚ್ಚು, ಎಲ್ಲಾ ಸರಿಹೋಗುತ್ತೆ.’ ವಾರ್ಡನ್ನಿಗೆ ಹೇಳಿದರೆ ಮರುದಿನ ಪೋಷಕರಿಗೆ ಬುಲಾವ್. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ನಿರ್ದೇಶಿಸಿದೆ. ಎಷ್ಟೋ ಕಡೆ ಆ ಹೊಣೆ ಯಾರಾದರೊಬ್ಬ ಲೆಕ್ಚರರ ಹೆಗಲಿಗೆ ಬಿದ್ದಿರುತ್ತದೆ. ಬೆಳಿಗ್ಗೆ ಅಟೆಂಡೆನ್ಸ್ ಕಡಿಮೆಯೆಂದು ಗದರಿದವರ ಮುಂದೆಯೇ ಮಧ್ಯಾಹ್ನ ಮನಸ್ಸು ಬಿಚ್ಚಬೇಕು.

ಚಾಟ್‌ಬಾಟನ್ನು ಕಾಲೇಜಿಗೆ ತರುವುದಾದರೆ ನನ್ನ ಅಳತೆ ಒಂದೇ. ಅದು ಎಷ್ಟು ಮಂದಿಯ ಜೊತೆ ಎಷ್ಟು ಗಂಟೆ ಹರಟಿತು ಎಂಬ ಲೆಕ್ಕ ಬೇಡ. ಎಷ್ಟು ಮಂದಿಯನ್ನು ಮನುಷ್ಯರ ಬಳಿಗೆ ದಾಟಿಸಿತು ಎಂಬುದನ್ನು ನೋಡಬೇಕು. ‘ಯಾರಿಗೂ ಹೇಳಬೇಡ’ ಎಂಬ ಮಾತಿಗೆ ಕೊನೆಯತನಕ ‘ಹೂಂ’ ಅನ್ನುವ ಬಾಟ್ ಅಪಾಯಕಾರಿ. ಜೀವದ ಮಾತು ಬಂದರೆ ಇಂಥವರಿಗೆ ತಿಳಿಸುತ್ತೇನೆ ಎಂದು ಮೊದಲ ದಿನವೇ ಕನ್ನಡದಲ್ಲಿ ಹೇಳಿಬಿಡಬೇಕು, ಆಮೇಲೆ ಹೇಳಿದಂತೆ ನಡೆಯಬೇಕು. ತಲೆ ಭಾರ, ಎದೆ ಹಿಡಿದ ಹಾಗಿದೆ, ಅನ್ನ ಗಂಟಲಲ್ಲಿ ಇಳಿಯಲ್ಲ ಎಂದು ಬರೆದವಳಿಗೆ ಗ್ಯಾಸ್ಟ್ರಿಕ್ ಮಾತ್ರೆ ಸೂಚಿಸಿ ಕಳಿಸದಷ್ಟು ನಮ್ಮ ಜನರ ಮಾತು ಅದಕ್ಕೆ ತಿಳಿದಿರಬೇಕು.

ದಾಟಿ ಬಂದವರಿಗೆ ಆಚೆ ದಡದಲ್ಲಿ ಮನುಷ್ಯರಿರಬೇಕಲ್ಲ. ಟೆಲಿ-ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿ ನಿಂತು ನಡೆಸುತ್ತಿರುವ ಉಚಿತ ಮಾನಸಿಕ ಆರೋಗ್ಯ ಸೇವೆ. ಹಗಲೂ ರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಐದು ಅಂಕಿ ಹಾಸ್ಟೆಲಿನ ಪ್ರತಿ ಕೋಣೆಯ ಬಾಗಿಲ ಒಳಗಡೆ ಅಂಟಿಸಲು ಕಾಲೇಜಿಗೆ ಹೆಚ್ಚು ಖರ್ಚಿಲ್ಲ. ಸಮಾಲೋಚಕರ ಕೊಠಡಿಯನ್ನು ಪ್ರಿನ್ಸಿಪಾಲರ ಕೊಠಡಿಯ ಪಕ್ಕದಿಂದ ಎತ್ತಿ, ಲೈಬ್ರರಿಯ ಹಿಂದೆಯೋ ಆಟದ ಸಾಮಾನಿನ ಕೋಣೆಯ ಪಕ್ಕವೋ ಹಾಕಲಿ. ಒಳಗೆ ಹೋಗುವವರು ಯಾತಕ್ಕೆ ಹೋದರೆಂದು ಕಾರಿಡಾರಿನಲ್ಲಿ ನಿಂತವರಿಗೆ ಗೊತ್ತಾಗದಂತಿರಲಿ. ಮುಂದಿನ ಸಪ್ತಾಹದಲ್ಲಿ ಹಂಚುವ ಹಾಳೆಯಿಂದ ಹೆಸರಿನ ಸಾಲು ತೆಗೆಯಲಿ, ಬೇಕೆಂದವರು ಮಾತ್ರ ತಮ್ಮ ಫೋನ್ ನಂಬರು ಬರೆಯುವಂತಿರಲಿ.